ಜಾಗತೀಕರಣ ಶಬ್ದದ ಕಾರಕವಿಚಾರ

೧

ಕೆಲವು ಶಬ್ದಗಳು ತಮ್ಮ ಅರ್ಥವು ನಿಶ್ಚಿತವಾಗುವುದಕ್ಕೆ ಮುಂಚೆಯೇ ಎಲ್ಲರ ನಾಲಗೆಯ ಮೇಲೆಯೂ ನೆಲೆಸಿಬಿಡುತ್ತವೆ. ‘ಜಾಗತೀಕರಣ’ವೆಂಬುದು ಅಂತಹ ಶಬ್ದಗಳಲ್ಲಿ ಅಗ್ರಗಣ್ಯವಾದುದು. ಸಿಂಧನೂರಿನ ಪೇಟೆಯಲ್ಲಿ ಭತ್ತದ ಧಾರಣೆ ಬಿದ್ದರೆ ಅದಕ್ಕೆ ಜಾಗತೀಕರಣವೇ ಕಾರಣ. ಲಿಂಗಸುಗೂರಿನ ತರುಣನಿಗೆ ಪರದೇಶದಲ್ಲಿ ಉದ್ಯೋಗ ದೊರೆತರೆ ಅದಕ್ಕೂ ಜಾಗತೀಕರಣವೇ ಕಾರಣ. ಮಸ್ಕಿಯ ಶಾಲೆಯ ಚರ್ಚಾಕೂಟದಲ್ಲಿ ಒಬ್ಬ ಬಾಲಕನು ಇದನ್ನು ಕಲ್ಪವೃಕ್ಷವೆಂದು ವರ್ಣಿಸಿದರೆ ಎದುರು ನಿಂತ ಬಾಲಕಿಯು ಪೂತನಿಯ ಮೊಲೆಹಾಲೆಂದು ಹಳಿಯುತ್ತಾಳೆ. ಸಭೆಯು ಇಬ್ಬರಿಗೂ ಕೈ ತಟ್ಟಿ ಮನೆಗೆ ಹೋಗುತ್ತದೆ. ಹೊಗಳುವವರೂ ತೆಗಳುವವರೂ ಒಂದೇ ಶಬ್ದವನ್ನು ಆಡುತ್ತಾರೆಂಬುದರಲ್ಲಿ ಸಂದೇಹವಿಲ್ಲ. ಒಂದೇ ಅರ್ಥವನ್ನು ಆಡುತ್ತಾರೆಯೆ ಎಂಬುದರಲ್ಲಿ ಮಾತ್ರ ಸಂದೇಹವುಂಟು.

ಶಬ್ದವನ್ನು ಶೋಧಿಸದೆ ಅರ್ಥವನ್ನು ಕುರಿತು ವಾದಿಸುವುದು, ತಕ್ಕಡಿಯನ್ನು ಪರೀಕ್ಷಿಸದೆ ತೂಕವನ್ನು ಕುರಿತು ಜಗಳವಾಡಿದಂತೆ. ಕಾವ್ಯವಿಮರ್ಶಕರು ಪದದ ಔಚಿತ್ಯವನ್ನು ಮೊದಲು ನೋಡುತ್ತಾರಷ್ಟೆ. ಲೋಕವ್ಯವಹಾರದಲ್ಲಿ ಇಷ್ಟು ಬಲವನ್ನು ಸಂಪಾದಿಸಿಕೊಂಡಿರುವ ಪದಕ್ಕೂ ಅದೇ ನ್ಯಾಯವು ಸಲ್ಲಬೇಕು. ಆದಕಾರಣ ಪ್ರಕೃತ ಲೇಖನದಲ್ಲಿ ಈ ಶಬ್ದದ ವ್ಯುತ್ಪತ್ತಿ, ಅದರ ಚರಿತ್ರೆ, ಅದನ್ನು ಕುರಿತು ವಿದ್ವಾಂಸರಲ್ಲಿರುವ ಮತಭೇದಗಳು, ಕೃಷ್ಣಾ ತುಂಗಭದ್ರೆಗಳ ನಡುವಣ ಈ ದೋಆಬ ಸೀಮೆಯಲ್ಲಿ ಅದಕ್ಕೆ ದೊರೆಯುವ ಸಾಕ್ಷ್ಯ, ಇವುಗಳನ್ನು ಕ್ರಮವಾಗಿ ವಿಚಾರಿಸಲಾಗುವುದು.

೨

ಮೊದಲು ವ್ಯುತ್ಪತ್ತಿ. ‘ಜಗತ್’ ಎಂದರೆ ಚಲಿಸುವುದು. ಗಮನಾರ್ಥಕವಾದ ಧಾತುವಿನಿಂದ ಈ ಶಬ್ದವು ನಿಷ್ಪನ್ನವಾಯಿತೆಂದು ಪ್ರಾಚೀನರು ಹೇಳುತ್ತಾರೆ. ಜಗತ್ತಿಗೆ ಸಂಬಂಧಪಟ್ಟುದು ‘ಜಾಗತ’. ಇದರ ಮೇಲೆ ‘ಚ್ವಿ’ ಎಂಬ ಪ್ರತ್ಯಯವು ಬಂದು, ‘ಕರಣ’ವೆಂಬುದು ಸೇರಿದರೆ ‘ಜಾಗತೀಕರಣ’ವಾಗುತ್ತದೆ. ‘ಜಾಗತಿಕ’ ಶಬ್ದದಿಂದ ಹೊರಟರೆ ‘ಜಾಗತಿಕೀಕರಣ’ವೆಂದು ಆಗಬೇಕಾಗಿತ್ತೆಂದು ಆಕ್ಷೇಪಿಸುವವರಿಗೆ ಇದು ಸಮಾಧಾನ. ಪ್ರಾಚೀನ ಪ್ರಯೋಗಗಳಲ್ಲಿ ‘ಜಾಗತ’ವೆಂಬುದು ಬಹುಮಟ್ಟಿಗೆ ಜಗತೀ ಛಂದಸ್ಸಿಗೆ ಸಂಬಂಧಪಟ್ಟುದೆಂಬ ಅರ್ಥದಲ್ಲಿ ಕಾಣುವುದರಿಂದ, ಪಾದಕ್ಕೆ ಹನ್ನೆರಡು ಅಕ್ಷರದಂತೆ ಪದ್ಯ ಕಟ್ಟುವುದೇ ಜಾಗತೀಕರಣವೆಂದು ವೈಯಾಕರಣನೊಬ್ಬನು ಹಾಸ್ಯ ಮಾಡಿದರೆ ತಪ್ಪಿಲ್ಲ. ಇರಲಿ, ರೂಢಿಯು ಬಲವತ್ತರವಾದುದು, ಶಬ್ದವು ಸಾಧುವೇ ಸರಿ.

ಇದರ ಒಡಹುಟ್ಟಿದ ‘ಖಾಸಗೀಕರಣ’ದ ಜಾತಕವು ಇನ್ನೂ ವಿನೋದಕರವಾದುದು. ಅರಬ್ಬೀ ಮೂಲದ ‘ಖಾಸ್’ ಎಂಬುದು ಪಾರಸಿ, ಮರಾಠಿಗಳ ದಾರಿಯಿಂದ ಕನ್ನಡಕ್ಕೆ ಬಂದು, ಪಾಣಿನಿಯ ಪ್ರತ್ಯಯವನ್ನು ಧರಿಸಿ ನಿಂತಿದೆ. ಸಂಸ್ಕೃತಕ್ಕೂ ಕನ್ನಡಕ್ಕೂ ಸಮಾಸ ಮಾಡಿದರೇ ಅರಿಸಮಾಸವೆಂದು ಹುಬ್ಬು ಗಂಟಿಕ್ಕುತ್ತಿದ್ದ ಹಿಂದಿನ ವ್ಯಾಕರಣಜ್ಞರು ಇದನ್ನು ನೋಡಿದ್ದರೆ ಏನೆನ್ನುತ್ತಿದ್ದರೋ! ಜಗತ್ತಿನ ಸಂಪರ್ಕದ ಫಲವು ಜಾಗತೀಕರಣವೆಂಬ ಶಬ್ದದ ಮಗ್ಗುಲಲ್ಲಿಯೇ ಹೀಗೆ ಕುಳಿತಿರುವುದನ್ನು ಮಾತ್ರ ಗಮನಿಸಿದರೆ ಸಾಕು.

ಪ್ರಕೃತಕ್ಕೆ ಮುಖ್ಯವಾದವು ಎರಡು ಸಂಗತಿಗಳು. ಮೊದಲನೆಯದು, ಚ್ವಿ ಪ್ರತ್ಯಯದ ಅರ್ಥ. ಇದನ್ನು ‘ಅಭೂತತದ್ಭಾವ’ವೆಂದು ಕರೆಯುತ್ತಾರೆ; ಹಿಂದೆ ಹಾಗಿಲ್ಲದಿದ್ದುದು ಈಗ ಹಾಗಾಗುವುದು ಎಂದು ತಾತ್ಪರ್ಯ. ಬೆಳ್ಳಗಿಲ್ಲದ ಬಟ್ಟೆಯನ್ನು ಬೆಳ್ಳಗೆ ಮಾಡಿದರೆ ಶುಕ್ಲೀಕರಣ. ಮೊದಲೇ ಬೆಳ್ಳಗಿದ್ದ ಬಟ್ಟೆಗೆ ಆ ಮಾತು ಸಲ್ಲದು. ಹಾಗಾದರೆ ಜಾಗತೀಕರಣವೆನ್ನುವವರು, ಇದುವರೆಗೆ ಜಗತ್ತಿಗೆ ಸೇರದೆ ಇದ್ದುದು ಈಗ ಸೇರಿತೆಂದು ಪ್ರತಿಜ್ಞೆ ಮಾಡಿದಂತಾಯಿತು. ಈ ಪ್ರತಿಜ್ಞೆಯು ಸತ್ಯವೆ?

ಎರಡನೆಯದು, ‘ಕರಣ’ವೆಂಬ ಭಾವನಾಮದ ಸ್ವಭಾವ. ‘ಮಾಡಿದನು’ ಎಂದೊಡನೆ ಯಾರು ಎಂಬ ಆಕಾಂಕ್ಷೆಯು ಹುಟ್ಟುತ್ತದೆ. ‘ಮಾಡುವಿಕೆ’ ಎಂದರೆ ಆ ಆಕಾಂಕ್ಷೆಯು ಮಲಗಿಬಿಡುತ್ತದೆ. ಕ್ರಿಯೆಯು ಉಳಿದು ಕರ್ತೃವು ಮರೆಯಾಗುತ್ತಾನೆ. ಮಳೆ ಬಂದಿತು, ಬಿಸಿಲು ಕಾಯಿತು ಎಂಬಂತೆ ಅದು ತಾನಾಗಿ ನಡೆದ ಸಂಗತಿಯೆಂದು ತೋರುತ್ತದೆ. ‘ಏಕೀಕರಣ’ವೂ ಇದೇ ಅಚ್ಚಿನ ಶಬ್ದ. ಆದರೆ ೧೯೫೬ರಲ್ಲಿ ಹೈದರಾಬಾದು ಸಂಸ್ಥಾನದ ಕನ್ನಡ ಜಿಲ್ಲೆಗಳು ಉಳಿದ ಕನ್ನಡನಾಡಿನೊಡನೆ ಸೇರಿದಾಗ ಅದಕ್ಕಾಗಿ ಯಾರು ದುಡಿದರು, ಯಾರು ಸೆರೆಮನೆ ಕಂಡರು, ಯಾವ ಸಭೆಯು ಯಾವ ಶಾಸನವನ್ನು ಅಂಗೀಕರಿಸಿತು ಎಂಬುದು ಎಲ್ಲರಿಗೂ ತಿಳಿದಿತ್ತು. ಅಲ್ಲಿ ಶಬ್ದವು ಕರ್ತೃವನ್ನು ಮುಚ್ಚಿದರೂ ಚರಿತ್ರೆಯು ತೆರೆದಿಟ್ಟಿತ್ತು. ಜಾಗತೀಕರಣದಲ್ಲಿ ಹಾಗೆ ತೆರೆದಿಟ್ಟವರು ವಿರಳ.

ಹೀಗೆ ಈ ಶಬ್ದದ ಮೇಲೆ ಎರಡು ಪ್ರಶ್ನೆಗಳು ನಿಲ್ಲುತ್ತವೆ: ಇದು ಹೊಸತೆ? ಇದನ್ನು ಮಾಡುವವರು ಯಾರು?

೩

ಹೊಸತೆ ಎಂಬ ಪ್ರಶ್ನೆಗೆ ವಿದ್ವಾಂಸರ ಉತ್ತರವು ಒಂದಲ್ಲ. ಅಮೆರಿಕೆಯ ಥಿಯೊಡೋರ್ ಲೆವಿಟ್ ಎಂಬವರು ೧೯೮೩ರಲ್ಲಿ ಬರೆದ ಪ್ರಬಂಧವೊಂದರಿಂದ ಈ ಅರ್ಥದ ಆಂಗ್ಲ ಶಬ್ದವು ವ್ಯಾಪಾರಸ್ಥರ ಬಳಕೆಗೆ ಬಂದಿತು. ಲೋಕದ ಅಭಿರುಚಿಗಳೆಲ್ಲ ಒಂದಾಗುತ್ತಿವೆ, ಒಂದೇ ಸರಕನ್ನು ಎಲ್ಲ ದೇಶಗಳಿಗೂ ಮಾರಬಹುದು ಎಂಬುದು ಅವರ ವಾದ. ಅವರ ಪಕ್ಷದಲ್ಲಿ ಇದು ಹೊಸ ಯುಗವೇ ಸರಿ. ಇದಕ್ಕೆ ವಿರುದ್ಧವಾಗಿ ಹರ್ಸ್ಟ್ ಮತ್ತು ಥಾಂಪ್ಸನ್ ಎಂಬ ಆಂಗ್ಲ ವಿದ್ವಾಂಸರು ೧೯೯೬ರ ಗ್ರಂಥದಲ್ಲಿ, ೧೯೧೪ರ ಮಹಾಯುದ್ಧಕ್ಕೆ ಮುಂಚಿನ ದಶಕಗಳಲ್ಲಿಯೂ ಹಣ, ಸರಕು, ಜನ ಇವುಗಳ ಸಂಚಾರವು ಅತ್ಯಂತ ವಿಪುಲವಾಗಿದ್ದಿತೆಂದೂ, ಈಗಿನದನ್ನು ಅಪೂರ್ವವೆಂದು ಕೊಂಡಾಡುವುದಕ್ಕೆ ಆಧಾರವಿಲ್ಲವೆಂದೂ ವಾದಿಸಿದರು. ೧೯೯೯ರಲ್ಲಿ ಡೇವಿಡ್ ಹೆಲ್ಡ್ ಮೊದಲಾದವರು, ಸಂಪರ್ಕವು ಹಳೆಯದಾದರೂ ಅದರ ವೇಗ, ವ್ಯಾಪ್ತಿ, ಸಾಂದ್ರತೆಗಳು ರಾಜ್ಯ ಸಮಾಜಗಳ ರೂಪವನ್ನೇ ಮಾರ್ಪಡಿಸುತ್ತಿವೆಯೆಂದು ನಡುವಿನ ದಾರಿಯನ್ನು ಹಿಡಿದರು.

ಚರಿತ್ರಕಾರರಲ್ಲಿಯೂ ಹೀಗೆಯೇ. ಇಮ್ಯಾನ್ಯುಯೆಲ್ ವಾಲರ್‌ಸ್ಟೈನರು ೧೯೭೪ರ ಗ್ರಂಥದಲ್ಲಿ ಹದಿನಾರನೆಯ ಶತಮಾನದ ಯೂರೋಪಿನಿಂದ ಕಥೆಯನ್ನು ಆರಂಭಿಸಿದರು. ಫ್ಲಿನ್ ಮತ್ತು ಹಿರಾಲ್ಡೆಸ್ ಎಂಬವರು ಸ್ಪೇನಿನವರು ಮನಿಲಾ ನಗರವನ್ನು ಸ್ಥಾಪಿಸಿದ ೧೫೭೧ನೆಯ ವರ್ಷವನ್ನೇ ಜನ್ಮವರ್ಷವೆಂದರು. ಅಮೆರಿಕೆಯ ಬೆಳ್ಳಿಯು ಮಹಾಸಾಗರವನ್ನು ದಾಟಿ ನೇರವಾಗಿ ಚೀಣಕ್ಕೆ ಹರಿಯಲಾರಂಭಿಸಿದ್ದು ಆಗ. ಆಂದ್ರೆ ಗುಂಡರ್ ಫ್ರಾಂಕರು ೧೯೯೮ರಲ್ಲಿ, ಸುಮಾರು ೧೮೦೦ರವರೆಗೂ ಲೋಕವ್ಯಾಪಾರದ ಕೇಂದ್ರವು ಏಷ್ಯಾ ಖಂಡವೇ ಆಗಿದ್ದಿತೆಂದು ಪ್ರತಿಪಾದಿಸಿದರು. ಓ’ರೂರ್ಕ್ ಮತ್ತು ವಿಲಿಯಮ್‌ಸನ್ ಎಂಬ ಅರ್ಥಶಾಸ್ತ್ರಜ್ಞರ ನಿಕಷವು ಬೇರೆ: ಹಡಗು ಬಂದಿತೆ ಎಂಬುದಲ್ಲ, ದೂರದ ಊರಿನ ಧಾರಣೆಯೂ ಈ ಊರಿನ ಧಾರಣೆಯೂ ಒಂದನ್ನೊಂದು ಸಮೀಪಿಸಿದವೆ ಎಂಬುದೇ ಲಕ್ಷಣ. ಆ ನಿಕಷದಿಂದ ನೋಡಿದರೆ ಜಾಗತೀಕರಣವು ೧೮೨೦ರ ದಶಕಕ್ಕೆ ಹಿಂದೆ ಇಲ್ಲ.

ಇಷ್ಟು ಮತಗಳನ್ನು ಪುಸ್ತಕದಲ್ಲಿ ಓದಿ ಬಿಡುವುದಕ್ಕಿಂತ, ಈ ಸೀಮೆಯ ಊಟದ ತಟ್ಟೆಯಲ್ಲಿಯೇ ಪರೀಕ್ಷಿಸಬಹುದು. ಜೋಳದ ರೊಟ್ಟಿಯಿಲ್ಲದೆ ಲಿಂಗಸುಗೂರಿನಲ್ಲಿ ಊಟವೆಂಬುದಿಲ್ಲ. ಆ ಜೋಳವೂ ಅದರ ತಂಗಿಯಾದ ಸಜ್ಜೆಯೂ ಆಫ್ರಿಕ ಖಂಡದಲ್ಲಿ ಮೊದಲು ಕೃಷಿಗೆ ಬಂದು, ಮೂರು ಸಾವಿರ ವರ್ಷಗಳಿಗೂ ಹಿಂದೆ ಈ ದೇಶವನ್ನು ಸೇರಿದ ಧಾನ್ಯಗಳು. ರೊಟ್ಟಿಯ ಜೊತೆಯ ಶೇಂಗಾ ಹಿಂಡಿಯಲ್ಲಿರುವ ಶೇಂಗಾ, ಅದಕ್ಕೆ ಹಾಕಿದ ಮೆಣಸಿನಕಾಯಿ, ಇವೆರಡೂ ಅಮೆರಿಕ ಖಂಡದವು. ಪೋರ್ಚುಗೀಸರು ಬಂದ ಮೇಲೆ ಇಲ್ಲಿಗೆ ಬಂದವು. ‘ಅಪ್ಪಟ ದೇಶೀ ಊಟ’ವೆಂದು ಇದನ್ನು ಬಡಿಸುವ ಗೃಹಿಣಿಯ ಮಾತು ಸುಳ್ಳಲ್ಲ, ಪರದೇಶದ್ದು ದೇಶೀಯವಾಗುವುದಕ್ಕೆ ಎಷ್ಟು ಕಾಲ ಹಿಡಿಯಿತೆಂಬುದನ್ನು ಅವಳ ಅಡುಗೆಮನೆ ಹೇಳುತ್ತದೆ, ಅಷ್ಟೆ.

ರಾಜಕೀಯದಲ್ಲಿಯೂ ಹಾಗೆಯೇ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಮಸ್ಕಿಯ ಬಂಡೆಯ ಮೇಲೆ ಧರ್ಮಲಿಪಿಯನ್ನು ಬರೆಯಿಸಿದ ಚಕ್ರವರ್ತಿಯು, ಬೇರೆ ಕಡೆಯ ಶಾಸನದಲ್ಲಿ ಸಿರಿಯ, ಈಜಿಪ್ಟು, ಮ್ಯಾಸಿಡೋನಿಯಗಳ ಯವನ ದೊರೆಗಳನ್ನು ಹೆಸರಿಟ್ಟು ಸ್ಮರಿಸುತ್ತಾನೆ. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ರೋಮಿನ ಬೆಳ್ಳಿಯ ನಾಣ್ಯಗಳು ದೊರೆತಿವೆ. ೧೫೨೦ರಲ್ಲಿ ಕೃಷ್ಣದೇವರಾಯನು ರಾಯಚೂರು ಕೋಟೆಯನ್ನು ಮುತ್ತಿದಾಗ ಕ್ರಿಸ್ತೊವಾಂವ್ ದ ಫಿಗೆರೆದೊ ಎಂಬ ಪೋರ್ಚುಗೀಸನೂ ಅವನ ಬಂದೂಕಿನವರೂ ಅಲ್ಲಿದ್ದರು. ಆ ಯುದ್ಧದ ವೃತ್ತಾಂತವನ್ನು ಬರೆದಿಟ್ಟ ನೂನಿಜನೂ ಪೋರ್ಚುಗೀಸನೇ. ಹೀಗಿರಲು ಈ ಸೀಮೆಗೆ ಜಗತ್ತಿನ ಸಂಪರ್ಕವು ‘ಅಭೂತ’ವಾಗಿದ್ದಿತೆಂದು ಯಾವ ಬಾಯಿಂದ ಹೇಳುವುದು?

ಆದರೂ ಪ್ರತ್ಯಯವು ಕೇವಲ ವ್ಯರ್ಥವೆಂದು ತಳ್ಳಿಬಿಡುವಂತಿಲ್ಲ. ಅಶೋಕನ ಕಾಲದಲ್ಲಿ ಯವನ ದೇಶದ ಪೈರು ಕೆಟ್ಟರೆ ಮಸ್ಕಿಯ ಒಕ್ಕಲಿಗನಿಗೆ ಅದರ ಸುಳಿವೂ ಹತ್ತುತ್ತಿರಲಿಲ್ಲ. ೧೮೬೧ರಿಂದ ೧೮೬೫ರವರೆಗೆ ಅಮೆರಿಕೆಯಲ್ಲಿ ಅಂತರ್ಯುದ್ಧವು ನಡೆದಾಗ, ಲ್ಯಾಂಕಶೈರಿನ ಗಿರಣಿಗಳಿಗೆ ಅಲ್ಲಿನ ಅರಳೆಯು ನಿಂತು, ಧಾರವಾಡ ಸೀಮೆಯ ಹತ್ತಿಗೆ ಹಿಂದೆ ಕಾಣದ ಬೆಲೆ ಬಂದಿತು. ಯುದ್ಧವು ಮುಗಿದೊಡನೆ ಆ ಬೆಲೆಯು ಕುಸಿಯಿತು. ಹೊಲದಲ್ಲಿ ಮಳೆಯು ಹೆಚ್ಚಾಗಿರಲಿಲ್ಲ, ಕಡಮೆಯಾಗಿರಲಿಲ್ಲ. ಬೆಳೆದವನ ಶ್ರಮವೂ ಅಷ್ಟೇ. ೧೮೭೧ರಲ್ಲಿ ಮುಂಬಯಿ ಕಡೆಯ ರೈಲುದಾರಿಯೂ ಮದರಾಸು ಕಡೆಯ ರೈಲುದಾರಿಯೂ ರಾಯಚೂರಿನಲ್ಲಿ ಕೂಡಿದ ಮೇಲಂತೂ ಈ ದೋಆಬದ ಮೂಟೆಗಳಿಗೆ ಎರಡು ಸಮುದ್ರಗಳೂ ಸಮೀಪವಾದವು. ಆದ್ದರಿಂದ ಸಂಪರ್ಕವು ಹಳೆಯದು. ತನ್ನ ಅಂಗೈಯಲ್ಲಿರುವ ಕಾಳಿನ ಬೆಲೆಯನ್ನು ತಾನು ಕಾಣದ ಊರಿನಲ್ಲಿ ಕಾಣದವರು ಕಟ್ಟುವುದು ಹೊಸತು. ಚ್ವಿ ಪ್ರತ್ಯಯಕ್ಕೆ ಇಷ್ಟು ಮಟ್ಟಿನ ಸಾರ್ಥಕ್ಯವನ್ನು ಒಪ್ಪಬಹುದು. ಒಪ್ಪಿದೊಡನೆಯೇ ಎರಡನೆಯ ಪ್ರಶ್ನೆಯು ಎದ್ದು ನಿಲ್ಲುತ್ತದೆ: ಆ ಕಾಣದವರು ಯಾರು?

೪

ಕ್ರಿಯೆಯೊಂದಕ್ಕೆ ಆರು ಕಾರಕಗಳುಂಟೆಂದು ಪಾಠಶಾಲೆಯ ಬಾಲಕರೂ ಬಲ್ಲರು. ಮಾಡುವವನು ಕರ್ತೃ, ಅವನು ಹೊಂದಲಿಚ್ಛಿಸುವುದು ಕರ್ಮ, ಸಾಧನವಾದುದು ಕರಣ, ಯಾರನ್ನು ಉದ್ದೇಶಿಸಿ ಕೊಡುತ್ತಾನೋ ಅವನು ಸಂಪ್ರದಾನ, ಯಾವುದರಿಂದ ವಸ್ತುವು ಅಗಲಿ ಹೋಗುವುದೋ ಅದು ಅಪಾದಾನ, ಕ್ರಿಯೆಗೆ ಆಶ್ರಯವಾದ ಸ್ಥಳವು ಅಧಿಕರಣ. ಇವುಗಳಲ್ಲಿ ಕರ್ತೃವಿಗೆ ಪಾಣಿನಿಯು ಕೊಡುವ ಲಕ್ಷಣವು ಸ್ವಾತಂತ್ರ್ಯ. ಯಾವನು ಸ್ವತಂತ್ರನೋ ಅವನೇ ಕರ್ತೃ. ಜಾಗತೀಕರಣವೆಂಬ ವಾಕ್ಯದಲ್ಲಿ ಈ ಸೀಮೆಯು ಯಾವ ಕಾರಕವಾಗಿ ನಿಂತಿದೆಯೆಂದು ಪರೀಕ್ಷಿಸಿದರೆ ಶಬ್ದದ ಮರೆಯು ಸ್ವಲ್ಪ ಸರಿಯುತ್ತದೆ.

೧೮೫೩ರಲ್ಲಿ ನಿಜಾಮರು ಕಂಟಿಂಜೆಂಟ್ ಸೈನ್ಯದ ವೆಚ್ಚದ ಸಾಲಕ್ಕಾಗಿ ರಾಯಚೂರು ದೋಆಬವನ್ನು ಇಂಗ್ಲಿಷ್ ಕಂಪೆನಿಯ ಆಡಳಿತಕ್ಕೆ ಒಪ್ಪಿಸಿದರು. ೧೮೬೦ರಲ್ಲಿ ಅದು ಹಿಂತಿರುಗಿತು. ಕೊಟ್ಟವರು ಒಬ್ಬರು, ಪಡೆದವರು ಒಬ್ಬರು. ನಡುವೆ ಸೀಮೆಯೇ ಕರ್ಮಕಾರಕ. ಅದರ ಜನರನ್ನು ಕೇಳಿದವರಿಲ್ಲ.

ಬಳಿಕ ಹಟ್ಟಿಯ ಚಿನ್ನ. ಲಿಂಗಸುಗೂರು ತಾಲ್ಲೂಕಿನ ಈ ನೆಲದಲ್ಲಿ ಪ್ರಾಚೀನರೇ ನೂರಾರು ಅಡಿ ಆಳದವರೆಗೆ ಇಳಿದು ಚಿನ್ನ ತೆಗೆದಿದ್ದರೆಂಬುದಕ್ಕೆ ಗಣಿಗಳಲ್ಲಿಯೇ ಕುರುಹುಗಳಿವೆ. ೧೮೮೬ರಲ್ಲಿ ನಿಜಾಮ ರಾಜ್ಯದ ಖನಿಜಗಳ ಹಕ್ಕನ್ನು ಇಬ್ಬರು ಆಂಗ್ಲರು ಪಡೆದು ಲಂಡನ್ನಿನಲ್ಲಿ ಒಂದು ಕಂಪೆನಿಯನ್ನು ಎಬ್ಬಿಸಿದರು. ನೆಲವನ್ನು ಅಗೆಯುವುದಕ್ಕೆ ಮುಂಚೆಯೇ ಷೇರುಗಳ ಬೆಲೆಯು ಏರಿತು. ಪ್ರವರ್ತಕರ ಕೈಯಲ್ಲಿದ್ದ ಷೇರುಗಳನ್ನೇ ನಿಜಾಮರ ಸರಕಾರದ ಹಣದಿಂದ ಕೊಳ್ಳಲಾಯಿತೆಂಬ ದೂರು ಎದ್ದು, ೧೮೮೮ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಕಾಮನ್ಸ್ ಸಭೆಯು ವಿಚಾರಣಾ ಸಮಿತಿಯನ್ನು ನೇಮಿಸಬೇಕಾಯಿತು. ಈ ಭಾಗದ ಕಪ್ಪು ನೆಲದ ಕೆಳಗಣ ಬಂಡೆಯನ್ನು ಕುರಿತು ಲಂಡನ್ನಿನಲ್ಲಿ ಸಾಕ್ಷಿಗಳ ವಿಚಾರಣೆ! ಅಪಾದಾನಕ್ಕೆ ವೈಯಾಕರಣರು ಹೇಳುವ ಲಕ್ಷಣವು ಇಲ್ಲಿ ಅಕ್ಷರಶಃ ಹೊಂದುತ್ತದೆ: ವಸ್ತುವು ಅಗಲಿ ಹೋಗುವಾಗ ತಾನು ಅಲುಗದೆ ನಿಂತಿರುವುದು ಅಪಾದಾನ. ಮರದಿಂದ ಎಲೆ ಬೀಳುತ್ತದೆ, ಮರವು ನಿಂತಿರುತ್ತದೆ. ಹಟ್ಟಿಯಿಂದ ಚಿನ್ನ ಹೋಗುತ್ತದೆ, ಹಟ್ಟಿಯು ನಿಂತಿರುತ್ತದೆ. ೧೯೪೭ರಲ್ಲಿ ಹೈದರಾಬಾದಿನಲ್ಲಿಯೇ ಹೊಸ ಕಂಪೆನಿ ಹುಟ್ಟಿತು. ಅದು ಈಗ ಕರ್ನಾಟಕ ಸರಕಾರದ ಒಡೆತನದಲ್ಲಿದೆ. ೨೦೦೧ರಲ್ಲಿ ಕೋಲಾರದ ಗಣಿಯು ಮುಚ್ಚಿದ ಮೇಲೆ ದೇಶದಲ್ಲಿ ಅದಿರಿನಿಂದ ಚಿನ್ನ ತೆಗೆಯುವ ಗಣಿಗಳಲ್ಲಿ ಹಟ್ಟಿಯೇ ಪ್ರಧಾನ. ಕರ್ತೃವು ಬದಲಾದುದು ಸಣ್ಣ ಸಂಗತಿಯಲ್ಲ. ಆದರೂ ೧೯೯೧ರ ಜುಲೈ ತಿಂಗಳಿನಲ್ಲಿ ವಿದೇಶೀ ಹಣದ ಬಿಕ್ಕಟ್ಟಿಗೆ ಸಿಕ್ಕಿದ ಭಾರತವು ಸುಮಾರು ೪೭ ಟನ್ ಚಿನ್ನವನ್ನು ಇಂಗ್ಲೆಂಡು, ಜಪಾನುಗಳ ಬ್ಯಾಂಕುಗಳಲ್ಲಿ ಒತ್ತೆಯಿಟ್ಟು, ಅದೇ ತಿಂಗಳು ತನ್ನ ಮಾರುಕಟ್ಟೆಯ ಬಾಗಿಲನ್ನು ತೆರೆಯುವ ಆಯವ್ಯಯವನ್ನು ಮಂಡಿಸಿತೆಂಬುದನ್ನು ಮರೆಯಲಾಗದು. ಸಾಲಗಾರನು ತೆರೆದ ಬಾಗಿಲಿಗೂ ಸ್ವತಂತ್ರನು ತೆರೆದ ಬಾಗಿಲಿಗೂ ವ್ಯಾಕರಣದಲ್ಲಿ ಭೇದವುಂಟು.

ಮೂರನೆಯದು ಸಿಂಧನೂರಿನ ಭತ್ತ. ೧೯೫೩ರಿಂದ ತುಂಗಭದ್ರೆಯ ನೀರು ಎಡದಂಡೆಯ ಕಾಲುವೆಯಲ್ಲಿ ಹರಿಯಲು, ಜೋಳ ಹತ್ತಿಗಳ ಎರೆನೆಲವು ಗದ್ದೆಯಾಯಿತು. ಕರಾವಳಿ ಆಂಧ್ರದ ಒಕ್ಕಲಿಗರು ಬಂದು ‘ಕ್ಯಾಂಪು’ಗಳನ್ನು ಕಟ್ಟಿದರು, ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದ ಕುಟುಂಬಗಳಿಗೆ ಸರಕಾರವು ಇಲ್ಲಿಯೇ ಪುನರ್ವಸತಿ ಕ್ಯಾಂಪುಗಳನ್ನು ಕಲ್ಪಿಸಿತು. ಕನ್ನಡ, ತೆಲುಗು, ಉರ್ದು, ಬಂಗಾಳಿಗಳು ಒಂದೇ ಸಂತೆಯಲ್ಲಿ ಕೇಳಿಬರುವ ಊರು ಸಿಂಧನೂರು. ಇಲ್ಲಿನ ಹೆಸರಾದ ಸೋನಾ ಮಸೂರಿ ಅಕ್ಕಿಯ ಹೆಸರಿನಲ್ಲಿರುವ ‘ಮಸೂರಿ’ಯು ಮಲಯಾ ದೇಶದಲ್ಲಿ ಸಿದ್ಧವಾದ ‘ಮಹ್ಸೂರಿ’ ತಳಿ. ಅದರ ಪೂರ್ವಜರಲ್ಲಿ ತೈವಾನಿನ ತಳಿಯೊಂದೂ ಉಂಟು. ಆ ಅಕ್ಕಿಯು ಈಗ ಅಮೆರಿಕೆಯ ಕನ್ನಡ, ತೆಲುಗು ಮನೆಗಳ ನಿತ್ಯಾನ್ನ. ೨೦೨೩ರ ಜುಲೈ ೨೦ರಂದು ಭಾರತ ಸರಕಾರವು ಬಾಸುಮತಿಯಲ್ಲದ ಬಿಳಿಯ ಅಕ್ಕಿಯ ರಫ್ತನ್ನು ನಿಷೇಧಿಸಲು, ಅಮೆರಿಕೆಯ ಭಾರತೀಯ ಅಂಗಡಿಗಳಲ್ಲಿ ಅಕ್ಕಿಯ ಚೀಲಗಳಿಗಾಗಿ ನೂಕುನುಗ್ಗಲಾಯಿತು. ೨೦೨೪ರ ಸೆಪ್ಟೆಂಬರಿನಲ್ಲ�ಿ ನಿಷೇಧವು ತೆರವಾಯಿತು. ದೇಶದೊಳಗೆ ಅಕ್ಕಿಯ ಬೆಲೆ ಏರದಿರಲೆಂಬ ಉದ್ದೇಶವು ನ್ಯಾಯವಾದುದೇ. ಆದರೆ ಈ ಎರಡು ಆಜ್ಞೆಗಳ ನಡುವೆ ಗದ್ದೆಯ ಒಡೆಯನು ಯಾವ ಕಾರಕ? ಕೊಳ್ಳುವವನು ಅಮೆರಿಕೆಯಲ್ಲಿ, ಕಟ್ಟಳೆ ಮಾಡುವವನು ದೆಹಲಿಯಲ್ಲಿ; ಸಿಂಧನೂರು ಬೆಳೆಯುವ ಸ್ಥಳವಾಗಿ ಕೇವಲ ಅಧಿಕರಣ.

೫

ಇನ್ನು ವಾದಗಳನ್ನು ವಿಚಾರಿಸೋಣ. ಜಾಗತೀಕರಣದ ಪಕ್ಷಪಾತಿಗಳಲ್ಲಿ ಜಗದೀಶ ಭಗವತಿಯವರು ಅಗ್ರಗಣ್ಯರು. ವ್ಯಾಪಾರದ ಮುಕ್ತಿಯಿಂದ ಬಡತನವು ತಗ್ಗುವುದೆಂದೂ ಅದಕ್ಕೆ ಮಾನವೀಯ ಮುಖವು ಇದ್ದೇ ಇದೆಯೆಂದೂ ೨೦೦೪ರ ಗ್ರಂಥದಲ್ಲಿ ಸಮರ್ಥಿಸಿದರು. ಲೋಕಬ್ಯಾಂಕಿನಲ್ಲಿಯೇ ಪ್ರಧಾನ ಅರ್ಥಶಾಸ್ತ್ರಜ್ಞರಾಗಿದ್ದ ಜೋಸೆಫ್ ಸ್ಟಿಗ್ಲಿಟ್ಸರು ಅದಕ್ಕೆ ಎರಡು ವರ್ಷ ಮುಂಚೆ, ದೋಷವು ಜಾಗತೀಕರಣದಲ್ಲಿಲ್ಲ, ಅದನ್ನು ನಡೆಯಿಸುವ ಸಂಸ್ಥೆಗಳ ಪಕ್ಷಪಾತದಲ್ಲಿದೆಯೆಂದು ಬರೆದಿದ್ದರು. ಸೂಕ್ಷ್ಮವಾಗಿ ನೋಡಿದರೆ ಇವರಿಬ್ಬರ ಭೇದವು ಕ್ರಿಯೆಯನ್ನು ಕುರಿತುದಲ್ಲ, ಕರ್ತೃವನ್ನು ಕುರಿತುದು.

ಪಕ್ಷಪಾತಿಗಳ ವಾದವನ್ನು ಲಘುವಾಗಿ ಕಾಣಬಾರದು. ಹೊರಗಿನ ತಳಿ, ಹೊರಗಿನ ಯಂತ್ರವಿದ್ಯೆ, ಹೊರಗಿನಿಂದ ಬಂದ ಜನರ ದುಡಿಮೆ ಇವು ಇಲ್ಲದಿದ್ದರೆ ಸಿಂಧನೂರು ಭತ್ತದ ಕಣಜವೆನಿಸುತ್ತಿರಲಿಲ್ಲ. ಇದೇ ಜಿಲ್ಲೆಯ ನೀರಿಲ್ಲದ ಹಳ್ಳಿಗಳಿಂದ ಬೇಸಗೆ ಬಂದೊಡನೆ ಸಂಸಾರ ಸಮೇತ ಗುಳೆ ಹೊರಡುವವರಿಗೆ ಬೆಂಗಳೂರಿನ ಕಟ್ಟಡಗಳಲ್ಲಿ ಕೂಲಿ ದೊರೆಯುವುದೂ, ಆ ಕಟ್ಟಡಗಳನ್ನು ಕಟ್ಟಿಸುವ ಹಣವು ಪರದೇಶದ ವ್ಯಾಪಾರದಿಂದ ಬರುವುದೂ ಸುಳ್ಳಲ್ಲ. ಬಾಗಿಲು ಮುಚ್ಚಿದರೆ ಆ ಕೂಲಿಯೂ ಹೋಗುತ್ತದೆ.

ಪ್ರತಿಪಕ್ಷದ ಚರಿತ್ರೆಯಲ್ಲಿಯೂ ಈ ಸೀಮೆಗೆ ಸ್ಥಾನವುಂಟು. ಲೋಕವ್ಯಾಪಾರದ ಹೊಸ ಕಟ್ಟಳೆಗಳನ್ನು ಒಳಗೊಂಡ ಡಂಕೆಲ್ ಕರಡು ೧೯೯೧ರ ಡಿಸೆಂಬರಿನಲ್ಲಿ ಹೊರಬಂದಿತು. ಅವುಗಳ ಆಧಾರದ ಮೇಲೆ ವಿಶ್ವ ವ್ಯಾಪಾರ ಸಂಸ್ಥೆಯು ೧೯೯೫ರ ಜನವರಿ ೧ರಂದು ಆರಂಭವಾಯಿತು. ಬೀಜದ ಮೇಲೆ ಕಂಪೆನಿಗಳಿಗೆ ಒಡೆತನ ಬಂದೀತೆಂಬ ಭೀತಿಯಿಂದ ಕರ್ನಾಟಕ ರಾಜ್ಯ ರೈತ ಸಂಘವು ಎಂ. ಡಿ. ನಂಜುಂಡಸ್ವಾಮಿಯವರ ನೇತೃತ್ವದಲ್ಲಿ ಇದನ್ನು ಪ್ರತಿಭಟಿಸಿತು. ೧೯೯೮ರ ನವೆಂಬರ್ ಕೊನೆಯಲ್ಲಿ, ಕುಲಾಂತರಿ ಹತ್ತಿಯ ಪ್ರಯೋಗ ನಡೆಯುತ್ತಿದ್ದ, ರಾಯಚೂರು ಜಿಲ್ಲೆಯ ಸಿಂಧನೂರು ಸೀಮೆಯ ಹೊಲವೊಂದರಲ್ಲಿ ರೈತರು ಗಿಡಗಳನ್ನು ಕಿತ್ತು ರಾಶಿ ಹಾಕಿ ಬೆಂಕಿಯಿಟ್ಟರು. ಮಾನ್ಸಾಂಟೊ ಕಂಪೆನಿಯ ವಿರುದ್ಧದ ಆ ಚಳವಳಿಯ ಸುದ್ದಿಯು ಯೂರೋಪಿನವರೆಗೆ ಹಬ್ಬಿತು. ಪ್ರಯೋಗದ ಸ್ವರೂಪವನ್ನು ಹೊಲದ ಒಡೆಯರಿಗೆ ತಿಳಿಸಿರಲಿಲ್ಲವೆಂಬುದು ಸಂಘದ ದೂರು. ಆ ದೂರಿನ ತಿರುಳು ಇಷ್ಟೆ: ಹೊಲವನ್ನು ಅಧಿಕರಣವಾಗಿ ಬಳಸಿಕೊಂಡರು, ಒಡೆಯನನ್ನು ಕರ್ತೃವಾಗಿ ಕೇಳಲಿಲ್ಲ.

ಮುಂದಿನ ವರ್ಷ, ೧೯೯೯ರಲ್ಲಿ, ನೂರಾರು ಮಂದಿ ಭಾರತೀಯ ರೈತರು ಯೂರೋಪಿನ ನಗರಗಳಲ್ಲಿ ಮೆರವಣಿಗೆ ನಡೆಯಿಸಿ ತಮ್ಮ ಅಹವಾಲನ್ನು ಅಲ್ಲಿಯೇ ಸಾರಿದರು. ಜಾಗತೀಕರಣವನ್ನು ವಿರೋಧಿಸಲು ಜಗತ್ತನ್ನೇ ಸುತ್ತಬೇಕಾಯಿತೆಂದು ಕೆಲವರು ನಕ್ಕರು. ನಗುವುದಕ್ಕೆ ಕಾರಣವಿಲ್ಲ. ಹಸುರು ಶಾಲಿನ ಒಕ್ಕಲಿಗರು ಲೋಕದ ವಾಕ್ಯದಲ್ಲಿ ಕರ್ತೃಪದವಾಗಿ ನಿಂತ ಅಪರೂಪದ ಸಂದರ್ಭವದು. ಆದರೆ ಕಥೆಯು ಅಲ್ಲಿಗೆ ಮುಗಿಯಲಿಲ್ಲ. ೨೦೦೨ರ ಮಾರ್ಚಿನಲ್ಲಿ ಸರಕಾರವು ಆ ಹತ್ತಿಗೆ ಒಪ್ಪಿಗೆ ಕೊಟ್ಟಿತು. ಕೆಲವೇ ವರ್ಷಗಳಲ್ಲಿ ದೇಶದ ಹತ್ತಿಯ ಹೊಲಗಳಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗಿಂತ ಹೆಚ್ಚು ಅದೇ ಬೀಜವಾಯಿತು. ಬಿತ್ತಿದವರೂ ರೈತರೇ. ಬೆಂಕಿಯಿಟ್ಟವರ ಭಯವನ್ನೂ ಬಿತ್ತಿದವರ ಆಸೆಯನ್ನೂ ಒಟ್ಟಿಗೆ ನೋಡದ ವಿಮರ್ಶೆಯು ಅರ್ಧ ವಿಮರ್ಶೆ. ರೈತನು ಬೀಜವನ್ನು ತಾನು ಆರಿಸಿಕೊಂಡನೆಂದರೆ ಅವನು ಕರ್ತೃ. ಪೇಟೆಯಲ್ಲಿ ಬೇರೆ ಬೀಜವೇ ಇರಲಿಲ್ಲವಾದರೆ ಅವನು ಕರ್ತೃವೆಂಬುದು ಬರಿಯ ಉಪಚಾರದ ಮಾತು.

೬

ಜಾಗತೀಕರಣವು ಭಾರತೀಯರಿಗೆ ಹೊಸತಲ್ಲ, ವಸುಧೆಯನ್ನೆಲ್ಲ ಕುಟುಂಬವೆಂದು ಇಲ್ಲಿನ ಪ್ರಾಚೀನರೇ ಸಾರಿದ್ದಾರಲ್ಲವೆ ಎಂದು ಸಭೆಗಳಲ್ಲಿ ಹೇಳುವುದು ವಾಡಿಕೆಯಾಗಿದೆ. ೨೦೨೩ರಲ್ಲಿ ಭಾರತದ ಅಧ್ಯಕ್ಷತೆಯಲ್ಲಿ ಜಿ-೨೦ ರಾಷ್ಟ್ರಗಳ ಸಮ್ಮೇಳನವು ನಡೆದಾಗ ಆ ಶ್ಲೋಕದ ನುಡಿಯೇ ಧ್ಯೇಯವಾಕ್ಯವಾಯಿತು. ಶ್ಲೋಕವು ಉದಾತ್ತವಾದುದು; ಮಹೋಪನಿಷತ್ತಿನಲ್ಲಿಯೂ ಕಾಣುತ್ತದೆ. ಆದರೆ ಹಿತೋಪದೇಶದಲ್ಲಿ ಅದನ್ನು ಹೇಳುವವರು ಯಾರೆಂಬುದನ್ನು ಸ್ಮರಿಸುವವರು ಕಡಮೆ.

ಅಲ್ಲಿ ಒಂದು ಜಿಂಕೆಗೂ ಒಂದು ಕಾಗೆಗೂ ಗೆಳೆತನ. ಕ್ಷುದ್ರಬುದ್ಧಿಯೆಂಬ ನರಿಯು ಜಿಂಕೆಯ ಮಾಂಸಕ್ಕೆ ಆಶೆಪಟ್ಟು ಸ್ನೇಹವನ್ನು ಬೇಡಿ ಬರುತ್ತದೆ. ಗುರುತಿಲ್ಲದವನಿಗೆ ಮನೆಯಲ್ಲಿ ಎಡೆಗೊಡಬಾರದೆಂದು ಕಾಗೆಯು ಎಚ್ಚರಿಸಲು, ತನ್ನವನು ಪರನೆಂಬ ಎಣಿಕೆ ಅಲ್ಪರದು, ಉದಾರರಿಗೆ ಲೋಕವೇ ಕುಟುಂಬವೆಂದು ಆ ನರಿಯೇ ಉಪದೇಶಿಸುತ್ತದೆ. ಜಿಂಕೆಯು ಒಪ್ಪುತ್ತದೆ. ಕೆಲವು ದಿನಗಳಾದ ಮೇಲೆ ನರಿಯು ಅದಕ್ಕೆ ತುಂಬಿದ ಪೈರಿನ ಹೊಲವೊಂದನ್ನು ತೋರಿಸುತ್ತದೆ. ದಿನವೂ ಮೇಯುತ್ತಿದ್ದ ಜಿಂಕೆಯು ಹೊಲದವನ ಬಲೆಗೆ ಬೀಳುತ್ತದೆ. ಬಲೆಯನ್ನು ಕಡಿದು ಬಿಡಿಸೆಂದರೆ, ಇದು ನರದಿಂದ ಹೊಸೆದ ಬಲೆ, ಇಂದು ಭಾನುವಾರ, ಹಲ್ಲಿನಿಂದ ಮುಟ್ಟಲಾರೆನೆಂದು ನರಿಯು ವ್ರತದ ನೆಪ ಹೇಳುತ್ತದೆ. ಕಡೆಗೆ ಜಿಂಕೆಯನ್ನು ಉಳಿಸಿದುದು, ಅನುಮಾನಪಟ್ಟ ಹಳೆಯ ಗೆಳೆಯನಾದ ಕಾಗೆಯ ಉಪಾಯ.

ಇದರಿಂದ ಶ್ಲೋಕವು ಸುಳ್ಳಾಗಲಿಲ್ಲ. ಪರದೇಶದವರೆಲ್ಲ ನರಿಗಳೆಂಬ ಅರ್ಥವೂ ಅಲ್ಲ. ನಿರಾಶ್ರಿತರಿಗೆ ನೆಲ ಕೊಟ್ಟಾಗ ಸಿಂಧನೂರೂ ಅದೇ ಶ್ಲೋಕವನ್ನು ಆಚರಿಸಿತು. ಒಂದೇ ಮಾತು ಉಪನಿಷತ್ತಿನ ಋಷಿಯ ಬಾಯಿಯಲ್ಲಿ ಒಂದು ಅರ್ಥವನ್ನೂ ಹಸಿದ ನರಿಯ ಬಾಯಿಯಲ್ಲಿ ಮತ್ತೊಂದು ಅರ್ಥವನ್ನೂ ಕೊಡುತ್ತದೆಯೆಂಬುದಷ್ಟೆ ನಾರಾಯಣಪಂಡಿತನ ಅಭಿಪ್ರಾಯ. ವಾಕ್ಯವು ಚೆನ್ನಾಗಿದೆಯೆಂದು ತಲೆದೂಗುವುದಕ್ಕೆ ಮೊದಲು ವಕ್ತೃವು ಯಾರೆಂದು ಕೇಳಬೇಕು. ‘ಮುಕ್ತ’, ‘ಸಮಾನ’, ‘ಒಂದೇ ಲೋಕ’ ಎಂಬ ಇಂದಿನ ಸುಭಾಷಿತಗಳಿಗೂ ಇದೇ ಪರೀಕ್ಷೆಯು ಸಲ್ಲಬೇಕು.

೭

ಇಷ್ಟರಿಂದ ಸಿದ್ಧವಾದ ನಿರ್ಣಯವೇನು? ಜಾಗತೀಕರಣವೆಂಬ ಶಬ್ದವನ್ನು ಬಿಡಬೇಕಾಗಿಲ್ಲ. ಬಿಟ್ಟರೂ ಅರ್ಥವು ಬಿಡದು. ಆದರೆ ಅದನ್ನು ಒಂಟಿಯಾಗಿ ಆಡುವುದನ್ನು ಬಿಡಬೇಕು. ಅದನ್ನು ಕಲ್ಪವೃಕ್ಷವೆನ್ನುವವನೂ ಪೂತನಿಯೆನ್ನುವವನೂ ಸಮಾನವಾಗಿ ಅದಕ್ಕೆ ದೈವತ್ವವನ್ನು ಕೊಡುತ್ತಾರೆ. ದೈವವಾದ ಮೇಲೆ ಅದನ್ನು ಕೇಳುವವರಿಲ್ಲ. ಭತ್ತದ ಬೆಲೆಯು ಕುಸಿದಾಗ ‘ಜಾಗತೀಕರಣದಿಂದ’ ಎಂದು ಸುಮ್ಮನಾಗದೆ, ಯಾರು, ಏನನ್ನು, ಯಾವ ಸಾಧನದಿಂದ, ಯಾರಿಗಾಗಿ, ಎಲ್ಲಿಂದ, ಎಲ್ಲಿ ಮಾಡಿದರು ಎಂದು ಆರನ್ನೂ ಕೇಳುವ ಅಭ್ಯಾಸವು ಶಾಲೆಯ ಮಕ್ಕಳಿಂದ ಹಿಡಿದು ಪಂಚಾಯತಿಯ ಸದಸ್ಯರವರೆಗೆ ಬೆಳೆಯಬೇಕು. ಉತ್ತರವು ಕೆಲವೊಮ್ಮೆ ಲಂಡನ್ನಾಗುವುದು, ಕೆಲವೊಮ್ಮೆ ದೆಹಲಿ, ಕೆಲವೊಮ್ಮೆ ಬೆಂಗಳೂರು, ಕೆಲವೊಮ್ಮೆ ಊರಿನ ಪೇಟೆಯ ದಲಾಲಿಯೇ ಆಗುವನು. ಹೆಸರು ತಿಳಿದ ಕರ್ತೃವನ್ನು ಹೊಗಳಬಹುದು, ತೆಗಳಬಹುದು, ಬದಲಿಸಲೂಬಹುದು. ಹೆಸರಿಲ್ಲದುದನ್ನು ಸಹಿಸಬಹುದು, ಅಷ್ಟೆ.

ಈ ಪಾಠವನ್ನು ಕಲಿಯಲು ಮಸ್ಕಿಯ ಜನರು ದೂರ ಹೋಗಬೇಕಾಗಿಲ್ಲ. ಭಾರತದ ಮೂಲೆಮೂಲೆಗಳಲ್ಲಿ ದೊರೆತ ಧರ್ಮಲಿಪಿಗಳಲ್ಲಿ ದೇವಾನಾಂಪ್ರಿಯನೆಂದೂ ಪ್ರಿಯದರ್ಶಿಯೆಂದೂ ಬಿರುದುಗಳಿದ್ದುವೇ ಹೊರತು ಅರಸನ ಹೆಸರಿರಲಿಲ್ಲ. ಸಿಂಹಳದ ವಂಶಕಥೆಗಳ ಸಹಾಯದಿಂದ ಅವನು ಅಶೋಕನೆಂದು ೧೮೩೭ರಿಂದ ಊಹಿಸುತ್ತ ಬಂದಿದ್ದರು. ೧೯೧೫ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರನು ಮಸ್ಕಿಯ ಗುಡ್ಡದಲ್ಲಿ ಒಂದು ಶಾಸನವನ್ನು ಕಂಡನು; ಹೆಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು. ಅದರಲ್ಲಿ ಅಶೋಕನೆಂಬ ಹೆಸರು ಷಷ್ಠೀ ವಿಭಕ್ತಿಯಲ್ಲಿ ಸ್ಪಷ್ಟವಾಗಿ ನಿಂತಿದ್ದಿತು. ಹೀಗೆ, ಚಿನ್ನವನ್ನು ಹುಡುಕುವ ವೃತ್ತಿಯವನಿಂದ ಲೋಕಕ್ಕೆ ದೊರೆತುದು ಕರ್ತೃವಿನ ಹೆಸರು. ಆ ಲಿಪಿಯ ಸಂದೇಶವೂ ಗಮನಾರ್ಹವಾದುದು: ಈ ಶ್ರೇಯಸ್ಸು ದೊಡ್ಡವರಿಗೆ ಮಾತ್ರ ದೊರೆಯುವುದೆಂದು ಭಾವಿಸಬಾರದು, ಸಣ್ಣವರಿಗೂ ದೊಡ್ಡವರಿಗೂ ಇದನ್ನು ತಿಳಿಸಬೇಕು ಎಂಬುದು ಅದರ ತಾತ್ಪರ್ಯ. ದೂರದ ರಾಜಧಾನಿಯಿಂದ ಬಂದ ಆಜ್ಞೆಯೇ ಅದು. ಆದರೆ ಹೇಳಿದವನ ಹೆಸರೂ ಅದರಲ್ಲಿದೆ, ಯಾರಿಗಾಗಿ ಹೇಳಿತೆಂಬುದೂ ಅದರಲ್ಲಿದೆ.

ಇಪ್ಪತ್ತಮೂರು ಶತಮಾನಗಳ ಹಿಂದಿನ ಚಕ್ರವರ್ತಿಯು ಪಾಲಿಸಿದ ಈ ಮರ್ಯಾದೆಯನ್ನು ಇಂದಿನ ಕಂಪೆನಿಗಳಿಂದಲೂ ಸರಕಾರಗಳಿಂದಲೂ ಸಂಸ್ಥೆಗಳಿಂದಲೂ ಕೇಳುವುದು ಅತಿಯಾಸೆಯಲ್ಲ. ಕರ್ತೃವಿನ ಹೆಸರನ್ನು ಜಗತ್ತಿಗೆ ಕೊಟ್ಟ ಊರಿಗೆ ಕರ್ತೃವಿನ ಹೆಸರನ್ನು ಕೇಳುವ ಅಧಿಕಾರವೂ ಉಂಟು.